ಶ್ರುತಿ ಪೆಟ್ಟಿಗೆ: ಒಂಬತ್ತು ಸ್ವರ, ಒಂದು ಚೀಲ ಗಾಳಿ

ಕಳೆದ ತಿಂಗಳು ಶಿವಮೊಗ್ಗದ ಪರಂಪರೆ ಉತ್ಸವಕ್ಕೆ ಸ್ಕಾಟ್ಲೆಂಡಿನಿಂದ ಐದು ಜನರ ತಂಡ ಬಂದು ಹೋಯಿತಲ್ಲ, ಅವತ್ತಿನಿಂದ ನನಗೆ ಬರುವ ಕಾಗದಗಳೆಲ್ಲ ಅವರದ್ದೇ ಸುದ್ದಿ. ಮೃದಂಗದ ಕರಣೆ ಉದುರುತ್ತಿದೆ ಎಂದು ಬರೆದವರು ಮುಂದಿನ ಸಂಚಿಕೆವರೆಗೆ ತಡೆದುಕೊಳ್ಳಿ. ಈ ಸಲ ಪೂರಾ ಬ್ಯಾಗ್‌ಪೈಪ್, ಪಿಟೀಲು, ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯ ಹಾಡು. ನಾನು ಸಾಗರದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವನು. ಗಾಳಿ, ರೀಡು, ತಿದಿ, ಇವುಗಳ ಕಡೆಯಿಂದಲೇ ನನಗೆ ಸಂಗೀತ ತಲೆಗೆ ಹೋಗೋದು. ಉತ್ತರಗಳೂ ಆ ಕಡೆಗೇ ವಾಲಿದ್ದರೆ ಸಹಿಸಿಕೊಳ್ಳಿ.

ಮಾಸ್ತರೇ, ಬ್ಯಾಗ್‌ಪೈಪಿನವರು ಶುರುವಿನಲ್ಲಿ ಎಷ್ಟೋ ಹೊತ್ತು ಭೊಂಯ್, ಕಿರ್ರ್ ಎನ್ನಿಸುತ್ತಲೇ ಇದ್ದರು. ಪಕ್ಕದಲ್ಲಿ ಕೂತವರು ‘ಇದೇನಾ ಕಛೇರಿ?’ ಅಂದರು. ಆಮೇಲೆ ನುಡಿಸಿದ್ದು ನನ್ನ ಕಿವಿಗೆ ಹರಿಕಾಂಬೋಜಿ ಹಾಗೆ ಕೇಳಿಸಿತು. ನನ್ನ ಭ್ರಮೆಯೋ?
– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಭ್ರಮೆ ಅಲ್ಲ ಮೇಡಂ, ನಿಮ್ಮ ಕಿವಿ ಚೆನ್ನಾಗಿಯೇ ಇದೆ.

ಸ್ಕಾಟ್ಲೆಂಡಿನ ದೊಡ್ಡ ಬ್ಯಾಗ್‌ಪೈಪಿನಲ್ಲಿ ಬೆರಳಾಡಿಸುವ ಕೊಳವೆಗೆ ಚಾಂಟರ್ ಎನ್ನುತ್ತಾರೆ. ಅದರಲ್ಲಿ ಸಿಗುವುದು ಒಂಬತ್ತೇ ಸ್ವರ. ಮಂದ್ರದ ನಿಷಾದ ಒಂದು, ಆಮೇಲೆ ಮಧ್ಯ ಷಡ್ಜದಿಂದ ತಾರ ಷಡ್ಜದವರೆಗೆ ಎಂಟು. ಚತುಶ್ರುತಿ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಲೆಕ್ಕ ಹಾಕಿ, ಹರಿಕಾಂಬೋಜಿಯೇ ಅಲ್ವಾ? ಹಿಂದೂಸ್ತಾನಿಯವರು ಖಮಾಜ್ ಥಾಟ್ ಎನ್ನುತ್ತಾರೆ. ಆದರೆ ನಿಷಾದ ಮಾತ್ರ ನಮ್ಮ ಹಾರ್ಮೋನಿಯಂ ನಿಷಾದಕ್ಕಿಂತ ಒಂದೆಳೆ ಕೆಳಗೆ ಕೂರುತ್ತೆ. ಶ್ರುತಿಗೆ ಒಪ್ಪುವ ಹಾಗೆ ಇಟ್ಟುಕೊಂಡದ್ದು ಅದು.

ಈ ಶ್ರುತಿ ಎಲ್ಲಿಂದ ಬರುತ್ತೆ ಎಂದರೆ, ಹೆಗಲ ಮೇಲೆ ನಿಂತಿರುವ ಮೂರು ಕೋಲುಗಳಿಂದ. ಎರಡು ಸಣ್ಣವು ಷಡ್ಜದ ಕೆಳಗಿನ ಸ್ಥಾಯಿಯಲ್ಲಿ, ಒಂದು ಉದ್ದನೆಯದು ಅದಕ್ಕೂ ಕೆಳಗಿನ ಸ್ಥಾಯಿಯಲ್ಲಿ. ಮೂರೂ ಸೇರಿ ಒಂದೇ ಸ್ವರ ಹಿಡಿದಿರುತ್ತವೆ. ನಮ್ಮ ವಾಲಗದಲ್ಲಿ ಒತ್ತು ಊದುವ ಕೆಲಸಕ್ಕೇ ಒಬ್ಬ ಕೂತಿರುತ್ತಾನೆ. ಅಲ್ಲಿ ನುಡಿಸುವವನೂ ಒತ್ತಿನವನೂ ಒಬ್ಬನೇ. ನಾಲ್ಕು ಕೊಳವೆ, ನಾಲ್ಕು ರೀಡು, ಎಲ್ಲಕ್ಕೂ ಗಾಳಿ ಒಂದೇ ಚೀಲದ್ದು. ತೋಳಿನಡಿ ಒತ್ತಡ ಸ್ವಲ್ಪ ಹೆಚ್ಚುಕಮ್ಮಿ ಆದರೆ ನಾಲ್ಕೂ ನಾಲ್ಕು ದಿಕ್ಕಿಗೆ ಹೋಗುತ್ತವೆ.

ಅದಕ್ಕೇ ಅಷ್ಟು ಹೊತ್ತು ಭೊಂಯ್ ಎನ್ನಿಸಿದ್ದು. ಜೊಂಡಿನ ರೀಡು ಉಸಿರಿನ ಬಿಸಿಗೂ ತೇವಕ್ಕೂ ಬದಲಾಗುತ್ತಾ ಇರುತ್ತೆ. ಅವತ್ತು ಸಂಜೆ ಇಬ್ಬನಿ ಬೇರೆ ಬೀಳುತ್ತಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಕೂರಿಸಿದ ಶ್ರುತಿ ರಾತ್ರಿ ಎಂಟಕ್ಕೆ ಉಳಿಯುತ್ತಾ?

ಅವತ್ತು ಬೆಳಿಗ್ಗೆ ಆ ಪೈಪಿನವರು ನನ್ನ ಅಂಗಡಿಗೇ ಬಂದಿದ್ದರು. ಒಂದು ಕೋಲಿನ ಸಂದು ಸಡಿಲ ಆಗಿ ಗಾಳಿ ಸೋರುತ್ತಿತ್ತು. ಬಿಚ್ಚಿ ನೋಡಿದರೆ ಸಂದಿಗೆ ರಬ್ಬರು, ತಿರುಪು ಏನೂ ಇಲ್ಲ. ಹಳದಿ ಬಣ್ಣದ ಸಣಬಿನ ದಾರ, ಅದಕ್ಕೆ ಚಪ್ಪಲಿ ಹೊಲಿಯುವವರು ಬಳಸುವ ಕರಿ ಮೇಣ ತಿಕ್ಕಿ ಸುತ್ತಿದ್ದಾರೆ, ಅಷ್ಟೇ. ದಾರ ಅವರ ಹತ್ತಿರವೇ ಇತ್ತು, ಮೇಣ ಮುಗಿದಿತ್ತು. ಹುಡುಗನನ್ನು ಬಸ್‌ಸ್ಟ್ಯಾಂಡಿನ ಚಪ್ಪಲಿ ಹೊಲಿಯುವವರ ಹತ್ತಿರ ಓಡಿಸಿ ಒಂದು ಉಂಡೆ ತರಿಸಿದೆ. ಅವರು ದಾರವನ್ನು ಹೆಬ್ಬೆರಳಿಗೂ ಮೇಣದ ಉಂಡೆಗೂ ನಡುವೆ ಎಳೆದು ಎಳೆದು ಕರಿ ಮಾಡಿ, ಸುತ್ತು ಪಕ್ಕ ಸುತ್ತು ಬಿಗಿಯಾಗಿ ಕೂರಿಸಿದರು. ಕೋಲನ್ನು ತಿರುಗಿಸಿ ಒಳಗೆ ತಳ್ಳಿ ನೋಡಿದರು. ಒಂದು ಸುತ್ತು ಬಿಚ್ಚಿದರು. ಮತ್ತೆ ತಳ್ಳಿದರು. ಚೀಲಕ್ಕೆ ಗಾಳಿ ತುಂಬಿ, ಕೊಳವೆಗಳ ಬಾಯಿ ಮುಚ್ಚಿ, ಸುಮ್ನೆ ಕೂತು ಕಿವಿಗೊಟ್ಟರು. ನಾನು ಹಾರ್ಮೋನಿಯಂ ತಿದಿಗೆ ಮಾಡುವ ಪರೀಕ್ಷೆಯೂ ಅದೇ. ಭಾಷೆ ಬರದಿದ್ದರೂ ನಮ್ಮಿಬ್ಬರ ಮಾತುಕತೆಗೆ ತೊಂದರೆ ಆಗಲಿಲ್ಲ.

ಕೋಲಿನ ಮರ ಯಾವುದು ಎಂದು ಕೇಳಿದೆ. ಆಫ್ರಿಕಾದ ಕರಿಮರ, ಟಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುವಂಥದ್ದು. ಅದು ನಮ್ಮ ಬೀಟೆಯ ದಾಯಾದಿ, ಎರಡೂ ಡಾಲ್ಬರ್ಜಿಯಾ ಕುಲದವು. ಕೈಯಲ್ಲಿ ಹಿಡಿದಾಗ ಆ ತೂಕ, ಆ ತಣ್ಣಗಿನ ನುಣುಪು, ಮಲೆನಾಡಿನವರಿಗೆ ಗುರುತು ಸಿಕ್ಕೇ ಸಿಗುತ್ತೆ. ನಮ್ಮಲ್ಲಾದರೆ ಬೀಟೆ ಮುಟ್ಟುವ ಮೊದಲು ಅರಣ್ಯ ಇಲಾಖೆಯ ನೆನಪಾಗುತ್ತೆ, ಆ ಮಾತು ಬೇರೆ.

ಕೊನೆಗೆ ನನ್ನ ಪೆಟ್ಟಿಗೆಯ ಜೊತೆ ನುಡಿಸಿ ನೋಡೋಣ ಎಂದರೆ ಕೂಡಲೇ ಇಲ್ಲ. ಹಾರ್ಮೋನಿಯಂನ ಐದನೇ ಕಪ್ಪು ಮನೆ, ಅಂದರೆ ಕಪ್ಪು ಐದು, 466 ಹರ್ಟ್ಜ್; ಅದರ ಪಕ್ಕದ ಬಿಳಿ ಏಳು 494. ಅವರ ಷಡ್ಜ ಇರೋದು 475ರಿಂದ 480ರ ಹತ್ತಿರ, ಎರಡು ಮನೆಗಳ ನಡುವಿನ ಗೋಡೆಯ ಮೇಲೆ. ಯಾವ ಭಾಗವತರೂ ಕೇಳದ ಶ್ರುತಿ ಅದು.

ಅವರು ಲಂಗ ಉಟ್ಟುಕೊಂಡು ಬಂದದ್ದು ಯಾಕೆ?
– ಆರ್.ಎಂ., ಭದ್ರಾವತಿ

ಅದು ಕಿಲ್ಟ್, ಲಂಗ ಅಲ್ಲ. ಇದು ಸಂಗೀತದ ಅಂಕಣ. ಪಂಚೆ ಮೇಲಕ್ಕೆ ಕಟ್ಟಿ ಗದ್ದೆಗೆ ಇಳಿಯುವವರು ನಾವು, ಈ ಪ್ರಶ್ನೆ ಕೇಳೋದು ನಮಗೆ ಶೋಭೆ ಅಲ್ಲ.

ನಾನು ಭಾಗವತಿಕೆ ಕಲಿಯುತ್ತಿದ್ದೇನೆ. ಪೈಪಿನವರು ವಾದ್ಯ ಕೆಳಗಿಟ್ಟು ಬಾಯಲ್ಲಿ ‘ಹಿಹರಿನ್’ ಅಂತ ಏನೋ ಹಾಡಿ ತೋರಿಸಿದರು. ನಮ್ಮ ಬಾಯಿತಾಳದ ಹಾಗೇನಾ ಅದು? ಮತ್ತೆ ಅವರು ನಿಲ್ಲಿಸದೇ ಊದುವುದು ಹೇಗೆ?
– ವಿದ್ಯಾರ್ಥಿ, ಹೊಸನಗರ

ಒಳ್ಳೆಯ ಪ್ರಶ್ನೆ ತಮ್ಮಾ. ಮೊದಲು ಎರಡನೆಯದು. ಅವರು ನಿಲ್ಲಿಸದೇ ಊದುವುದಿಲ್ಲ. ಉಸಿರು ತೆಗೆದುಕೊಳ್ಳುವಾಗ ತೋಳಿನಿಂದ ಚೀಲ ಅದುಮುತ್ತಾರೆ, ಗಾಳಿ ಹೋಗುತ್ತಲೇ ಇರುತ್ತೆ. ಹಾಗಾಗಿ ಸದ್ದು ನಿಲ್ಲಲ್ಲ. ಅದರಿಂದ ಒಂದು ತೊಂದರೆ ಹುಟ್ಟುತ್ತೆ. ಸ ಸ ಎಂದು ಒಂದೇ ಸ್ವರವನ್ನು ಎರಡು ಸಲ ನುಡಿಸೋದು ಹೇಗೆ? ನಾಗಸ್ವರದವರು ನಾಲಿಗೆ ತಾಗಿಸಿ ಕಡಿಯುತ್ತಾರೆ. ಪೈಪಿನ ರೀಡು ಕೊಳವೆಯ ಒಳಗಿದೆ, ನಾಲಿಗೆ ಅಲ್ಲಿಗೆ ಹೋಗಲ್ಲ. ಜೋರು, ಮೆಲ್ಲಗೆ ಎಂಬುದೂ ಇಲ್ಲ, ಯಾವಾಗಲೂ ಒಂದೇ ಗಟ್ಟಿ. ಉಳಿದ ದಾರಿ ಒಂದೇ: ಬೇರೆ ಬೆರಳನ್ನು ಚಕ್ಕನೆ ಎತ್ತಿ ಇಳಿಸಿ, ಎರಡು ಸ್ವರದ ನಡುವೆ ಮಿಂಚಿನಷ್ಟು ಸಣ್ಣ ಇನ್ನೊಂದು ಸ್ವರ ತೂರಿಸೋದು. ನೀನು ಕೇಳಿದ ಆ ಚಿಟಿಪಿಟಿ ಎಲ್ಲ ಅದೇ. ಅದು ಬರೀ ಒಡವೆ ಅಲ್ಲ, ಅದಿಲ್ಲದಿದ್ದರೆ ಮಾತೇ ಬಿಡಿಬಿಡಿಯಾಗಲ್ಲ.

ಇನ್ನು ಬಾಯಲ್ಲಿ ಹಾಡಿದ್ದು. ಅದರ ಗೇಲಿಕ್ ಹೆಸರಿಗೆ ಕಾಂತರಾಖ್ಕ್ ಎಂಬುದು ಹತ್ತಿರದ ಉಚ್ಚಾರ. ಪೈಪಿನ ಒಂದೊಂದು ಸ್ವರಕ್ಕೂ, ಆ ಚಿಟಿಪಿಟಿಗಳ ಒಂದೊಂದು ಗುಂಪಿಗೂ ಒಂದೊಂದು ಉಲಿ ಇದೆ. ಬಾಯಿತಾಳದಲ್ಲಿ ಬರೀ ಪೆಟ್ಟು ಇರುತ್ತೆ, ಇಲ್ಲಿ ಪೆಟ್ಟಿನ ಜೊತೆ ಸ್ವರವೂ ಸೇರಿಕೊಂಡಿದೆ. ಸ್ಕೈ ದ್ವೀಪದಲ್ಲಿ ಮ್ಯಾಕ್‌ಕ್ರಿಮನ್ ಎಂಬ ಮನೆತನ, ಮ್ಯಾಕ್‌ಲಿಯೋಡ್ ಪಾಳೆಯಗಾರರಿಗೆ ತಲೆಮಾರುಗಳ ಕಾಲ ಪೈಪ್ ನುಡಿಸಿದವರು. ಅಲ್ಲಿ ಪಾಠ ಹೀಗೆ ಬಾಯಿಂದಲೇ. 1797ರಲ್ಲಿ ಕಾಲಿನ್ ಕ್ಯಾಂಪ್‌ಬೆಲ್ ಎಂಬವರು ಈ ಉಲಿಗಳನ್ನೇ ಅಕ್ಷರದಲ್ಲಿ ಬರೆದಿಟ್ಟರು, ಸ್ವರಲಿಪಿಯ ಗೆರೆ ಒಂದೂ ಇಲ್ಲ.

ಹೀಗೆ ಕಲಿಸುತ್ತಿದ್ದದ್ದು ‘ಪೀಬ್ರಾಕ್’ ಎಂಬ ದೊಡ್ಡ ಪ್ರಕಾರ. ಮೊದಲು ನಿಧಾನಕ್ಕೆ ಒಂದು ಮೂಲ ಧಾಟಿ, ಅದಕ್ಕೆ ಉರ್ಲರ್ ಎನ್ನುತ್ತಾರೆ. ಆಮೇಲೆ ಅದನ್ನೇ ಒಂದರ ಮೇಲೊಂದು ಕಷ್ಟದ ಬೆರಳಾಟದಲ್ಲಿ ಬೆಳೆಸುತ್ತಾ ಹೋಗಿ, ಕೊನೆಗೆ ಮತ್ತೆ ಮೂಲ ಧಾಟಿಗೆ ಬರುತ್ತಾರೆ. ಉತ್ಸವದಲ್ಲಿ ಅದನ್ನು ಅರ್ಧಕ್ಕೇ ಮೊಟಕು ಮಾಡಿಸಿದರು, ಜನ ಎದ್ದು ಹೋಗ್ತಾರೆ ಎಂದು. ನನಗೆ ಅವತ್ತಿನ ಕಾರ್ಯಕ್ರಮದಲ್ಲಿ ಬೇಕಾಗಿದ್ದದ್ದು ಅದೊಂದೇ.

ಪಿಟೀಲಿನವರು ನುಡಿಸಿದಾಗ ಕಾಲು ತಾನಾಗಿಯೇ ಕುಣಿಯಿತು, ಆದರೆ ಚಪ್ಪಾಳೆ ಹಾಕಲು ಹೋದರೆ ಪ್ರತಿ ಸಲ ತಪ್ಪುತ್ತಿತ್ತು. ಒಂದೊಂದು ಸಾಲನ್ನೂ ಎರಡೆರಡು ಸಲ ನುಡಿಸುವುದು ಯಾಕೆ? ಆ ಪಿಟೀಲು ನಮ್ಮದೇನಾ?
– ಗೃಹಿಣಿ, ರಿಪ್ಪನ್‌ಪೇಟೆ

ಪಿಟೀಲು ಅದೇ ಅಮ್ಮ, ಅಂಗಡಿಯಲ್ಲಿ ಸಿಗುವಂಥದ್ದೇ. ನಾವು ನಾಲ್ಕು ತಂತಿಯನ್ನು ಸ ಪ ಸ ಪ ಕೂರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಕಾಲಿಗೆ ಆನಿಸಿ ನುಡಿಸುತ್ತೇವೆ. ಅವರು ಗದ್ದದ ಕೆಳಗೆ ಇಟ್ಟು ನಿಂತು ನುಡಿಸುತ್ತಾರೆ. ಕರ್ನಾಟಕ ಸಂಗೀತಕ್ಕೆ ಅದನ್ನು ತಂದವರು ಬಾಲುಸ್ವಾಮಿ ದೀಕ್ಷಿತರು. ಅವರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ನಿಮ್ಮ ಮಕ್ಕಳು ಪಾಠದಲ್ಲಿ ಹಾಡುವ ನೋಟ್ಟುಸ್ವರ ಅದೇ. ಬಾಲುಸ್ವಾಮಿ ಹುಟ್ಟಿದ್ದು 1786ರಲ್ಲಿ. ಆ ಹೊತ್ತಿಗೆ ಸ್ಕಾಟ್ಲೆಂಡಿನ ಪರ್ತ್‌ಶೈರಿನಲ್ಲಿ ನೀಲ್ ಗೋ ಎಂಬ ಪಿಟೀಲುಗಾರ ಅರುವತ್ತರ ಹತ್ತಿರ ಇದ್ದ, ಅಥೋಲ್ ಡ್ಯೂಕರ ಆಶ್ರಯದಲ್ಲಿ ಕುಣಿತಕ್ಕೆ ನುಡಿಸುತ್ತಾ. ಅವನು ಕಟ್ಟಿದ ಧಾಟಿಗಳು ಇವತ್ತಿಗೂ ಬಳಕೆಯಲ್ಲಿವೆ.

ಎರಡೆರಡು ಸಲ ಯಾಕೆ ಎಂದರೆ ಅದು ಕುಣಿಯುವವರ ಲೆಕ್ಕ. ಸಾಮಾನ್ಯವಾಗಿ ಒಂದು ಧಾಟಿಗೆ ಎರಡು ಭಾಗ, ಒಂದೊಂದು ಎಂಟು ಆವರ್ತ. ಪ್ರತಿ ಭಾಗ ಎರಡು ಸಲ ಬಂದರೆ ಒಟ್ಟು ಮೂವತ್ತೆರಡು. ಅಷ್ಟರಲ್ಲಿ ಕುಣಿಯುವ ಜೋಡಿ ತನ್ನ ಸುತ್ತು ಮುಗಿಸಿ ಜಾಗಕ್ಕೆ ಬಂದಿರಬೇಕು.

ಚಪ್ಪಾಳೆ ತಪ್ಪಿದ್ದಕ್ಕೆ ಬೇಜಾರು ಬೇಡ. ಅವರು ಒಂದೇ ಸರದಲ್ಲಿ ಬೇರೆ ಬೇರೆ ನಡೆ ಪೋಣಿಸುತ್ತಾರೆ. ರೀಲ್ ಎಂದರೆ ‘ತಕಧಿಮಿ ತಕಧಿಮಿ’, ಒಂದೇ ಸಮ, ಓಟ. ಜಿಗ್ ಎಂದರೆ ‘ತಕಿಟ ತಕಿಟ’. ಐರ್ಲೆಂಡಿನವರ ಸ್ಲಿಪ್ ಜಿಗ್‌ಗೆ ಇನ್ನೊಂದು ತಕಿಟ ಸೇರಿಸಿ. ಸ್ಟ್ರಾಥ್‌ಸ್ಪೇ ಎಂಬುದು ಸ್ಕಾಟ್ಲೆಂಡಿನದ್ದೇ ಸ್ವಂತ. ನಾಲ್ಕರ ಎಣಿಕೆ, ರೀಲಿಗಿಂತ ನಿಧಾನ, ಆದರೆ ಸಮ ಅಲ್ಲ. ಅಲ್ಲಲ್ಲಿ ಗಿಡ್ಡ ಸ್ವರ ಮೊದಲು ಬಂದು ಉದ್ದದ್ದು ಆಮೇಲೆ: ‘ತ-ಕಾಽ, ತ-ಕಾಽ’. ಪೆಟ್ಟು ಗಿಡ್ಡದ ಮೇಲೆ. ನೀವು ಚಪ್ಪಾಳೆಯನ್ನು ಉದ್ದದ್ದರ ಮೇಲೆ ಹಾಕಿದ್ದೀರಿ. ಸ್ಟ್ರಾಥ್‌ಸ್ಪೇ ಮುಗಿದ ತಕ್ಷಣ ಉಸಿರು ಬಿಡದೆ ರೀಲಿಗೆ ಹಾರುತ್ತಾರೆ, ಅಲ್ಲಿ ಇಡೀ ಸಭೆಯೇ ತಪ್ಪಿತು.

ಹೆಂಗಸರು ಮೇಜಿನ ಸುತ್ತ ಕೂತು ಕಂಬಳಿ ಬಡಿಯುತ್ತಾ ಹಾಡಿದ್ದು ನಮ್ಮ ನಾಟಿ ಹಾಡಿನ ನೆನಪು ತಂದಿತು. ಅದರ ವಿಷಯ ಸ್ವಲ್ಪ ಹೇಳ್ತೀರಾ?
– ಎಪ್ಪತ್ತೆರಡರ ಅಜ್ಜಿ, ಸೊರಬ (ಮೊಮ್ಮಗಳ ಕೈಯಲ್ಲಿ ಬರೆಸಿದ್ದು)

ಹೇಳ್ತೇನೆ ಅಜ್ಜೀ. ಊಟದ ಹೊತ್ತಿನಲ್ಲಿ ಮಾತ್ರ ಓದಿಸಿಕೊಳ್ಳಬೇಡಿ.

ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಹೆಬ್ರಿಡೀಸ್ ದ್ವೀಪಗಳಿವೆ. ಗಾಳಿ, ಮಳೆ ನಮ್ಮ ಆಗುಂಬೆಯವರೂ ಒಪ್ಪುವಂಥದ್ದು. ಅಲ್ಲಿ ಮನೆಯಲ್ಲೇ ನೇಯ್ದ ಉಣ್ಣೆಬಟ್ಟೆ ಮಗ್ಗದಿಂದ ಇಳಿದಾಗ ಜಾಳುಜಾಳು. ಅದು ಗಟ್ಟಿಯಾಗಿ ಗಾಳಿ, ನೀರು ತಡೆಯಬೇಕಾದರೆ ನೆನೆಸಿ ಬಡಿಯಬೇಕು. ನೆನೆಸುತ್ತಿದ್ದದ್ದು ಹಳೇ ಮೂತ್ರದಲ್ಲಿ. ಮನೆಮನೆಯಿಂದ ಕೂಡಿಟ್ಟದ್ದು! ಅದರಲ್ಲಿರುವ ಅಮೋನಿಯಾ ಎಣ್ಣೆಜಿಡ್ಡು ಬಿಡಿಸಿ ಬಣ್ಣ ಹಿಡಿಸುತ್ತೆ. ಹೆಂಗಸರು ಉದ್ದನೆಯ ಹಲಗೆಯ ಎರಡೂ ಕಡೆ ಕೂತು ಬಟ್ಟೆಯನ್ನು ಬಡಿದು, ಪಕ್ಕದವಳ ಕಡೆಗೆ ತಳ್ಳುತ್ತಿದ್ದರು. ಬಟ್ಟೆ ತಿರುಗುವುದು ಸೂರ್ಯ ಹೋಗುವ ದಿಕ್ಕಿಗೇ, ಅಂದರೆ ಪ್ರದಕ್ಷಿಣೆ. ಒಬ್ಬಳು ಸಾಲು ಹೇಳುತ್ತಾಳೆ, ಉಳಿದವರು ‘ಹೋ ರೋ, ಹಿ ರಿ’ ಎಂದು ಪಲ್ಲವಿ ಎತ್ತುತ್ತಾರೆ. ಒಂದು ಕೂಟದಲ್ಲಿ ಹಾಡಿದ ಹಾಡನ್ನೇ ಮತ್ತೆ ಹಾಡಿದರೆ ಒಳ್ಳೆಯದಾಗಲ್ಲ ಎಂಬ ನಂಬಿಕೆ ಬೇರೆ. ಹಾಗಾಗಿ ತುಂಬಾ ಹಾಡು ಬರಬೇಕಿತ್ತು. ಪ್ರೀತಿ, ಜಗಳ, ಸತ್ತ ಅಣ್ಣನ ಗೋಳು, ಊರ ಹುಡುಗರ ಲೇವಡಿ, ಎಲ್ಲವೂ ಅದರಲ್ಲಿ.

20ನೇ ಶತಮಾನದ ನಡುವಿಗೆ ಕೈಯಲ್ಲಿ ಬಡಿಯುವ ಕೆಲಸ ನಿಂತೇಹೋಯಿತು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1951ರಲ್ಲಿ ಜನಪದ ಅಧ್ಯಯನದ ಶಾಲೆ ಶುರುವಾಗಿ, ಅಲ್ಲಿನವರು ಟೇಪ್ ರೆಕಾರ್ಡರ್ ಹೊತ್ತು ದ್ವೀಪದಿಂದ ದ್ವೀಪಕ್ಕೆ ತಿರುಗಿದರು. ನೀವು ಕೇಳಿದಂಥ ಹಾಡುಗಳು ಉಳಿದದ್ದರಲ್ಲಿ ಅವರ ಪಾಲು ದೊಡ್ಡದು. ಅಜ್ಜೀ, ಮೊಮ್ಮಗಳ ಫೋನಿನಲ್ಲಿ ನಿಮ್ಮ ನಾಟಿ ಹಾಡು ಹಾಡಿ ಹಾಕಿಸಿಡಿ. ನನಗೂ ಒಂದು ಪ್ರತಿ ಕಳಿಸಿ.

ನಮ್ಮೂರಿನ ಉತ್ಸವಕ್ಕೆ ಸಾವಿರಾರು ಮೈಲಿ ದೂರದವರು ಯಾಕೆ? ಅವರಿಗೆ ಮುಖ್ಯ ವೇದಿಕೆ, ರಾತ್ರಿ ಎಂಟರ ಹೊತ್ತು. ನಮ್ಮ ಅಂಟಿಗೆ ಪಂಟಿಗೆಯವರಿಗೆ ಮಧ್ಯಾಹ್ನ ಮೂರು ಗಂಟೆ, ಬಿಸಿಲು, ಖಾಲಿ ಕುರ್ಚಿ. ಇದಾ ಪರಂಪರೆ?
– ಹೆಸರು ಬೇಡ, ಹೊಸನಗರ ತಾಲೂಕು

ಹೊತ್ತಿನ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ನನ್ನ ಸಹಿಯೂ ಇದೆ. ಅಂಟಿಗೆ ಪಂಟಿಗೆ ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು ಹಾಡುವಂಥದ್ದು. ಅದನ್ನು ಹಗಲು ಮೂರು ಗಂಟೆಗೆ ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ ‘ಹತ್ತು ನಿಮಿಷದಲ್ಲಿ ಮುಗಿಸಿ’ ಎಂದರೆ ಏನು ಉಳಿಯುತ್ತೆ? ಆದರೆ ತಪ್ಪು ಪಟ್ಟಿ ಮಾಡಿದವರದ್ದು, ಪೈಪಿನವರದ್ದಲ್ಲ. ಅವರಿಗೂ ಹಾಗೇ ಮಾಡಿದರು. ಬಯಲಿನಲ್ಲಿ ಬೆಟ್ಟದಾಚೆ ಕೇಳಲೆಂದೇ ಇರುವ ವಾದ್ಯಕ್ಕೆ ಎರಡು ಮೈಕು, ಹಿಂದೆ ಒಂದು ಕೀಬೋರ್ಡು.

ಅವರನ್ನು ಕರೆಸಲೇಬಾರದು ಎಂಬುದನ್ನು ಒಪ್ಪಲ್ಲ. ಅವರ ಕಷ್ಟ ನಮ್ಮದಕ್ಕಿಂತ ಹಳೆಯದು. 1872ರ ಶಿಕ್ಷಣ ಕಾಯಿದೆಯಲ್ಲಿ ಗೇಲಿಕ್ ಭಾಷೆಗೆ ಜಾಗವೇ ಇರಲಿಲ್ಲ. 2011ರ ಜನಗಣತಿಯಲ್ಲಿ ಅದನ್ನು ಮಾತಾಡಬಲ್ಲವರು ಸುಮಾರು 57 ಸಾವಿರ. ಭಾಷೆ ಹೋದರೆ ಆ ಬಡಿತದ ಹಾಡೂ ಹೋಗುತ್ತೆ. 1892ರಲ್ಲಿ ಓಬನ್ ಊರಿನಲ್ಲಿ ಮೊದಲ ‘ಮೋಡ್’ ನಡೆಯಿತು. ಗೇಲಿಕ್ ಹಾಡು, ವಾಚನಗಳ ಸ್ಪರ್ಧೆ ಅದು, ಇವತ್ತಿಗೂ ಪ್ರತಿ ವರ್ಷ ನಡೆಯುತ್ತೆ. ಸ್ಪರ್ಧೆ ಎಂದರೆ ಗೊತ್ತಲ್ಲ, ಬಹುಮಾನ ತೆಗೆದುಕೊಂಡವರು ಚೆನ್ನಾಗಿ ಹಾಡುತ್ತಾರೆ, ಊರಿನ ಮಕ್ಕಳು ಕೂತು ನೋಡುತ್ತಾರೆ.

ನನಗೆ ಇಷ್ಟವಾದದ್ದು ಬಾರಾ ದ್ವೀಪದವರು ಮಾಡಿದ ಕೆಲಸ. ಸಾವಿರದ ಇನ್ನೂರರ ಆಸುಪಾಸು ಜನ ಇರುವ ದ್ವೀಪ. ಊರಿನ ಮಕ್ಕಳಿಗೆ ಊರಿನ ಹಾಡೇ ಗೊತ್ತಿಲ್ಲ ಎಂದು 1981ರಲ್ಲಿ ಅಲ್ಲಿನವರು ಒಂದು ಶಿಬಿರ ಹಾಕಿದರು. ‘ಫೇಶ್’ ಎಂದು ಹೆಸರು. ಹಾಡು, ಪೈಪು, ಪಿಟೀಲು, ಕುಣಿತ, ಎಲ್ಲ ಕಲಿಸೋದು, ಅದೂ ಗೇಲಿಕ್ ನೆಲದಲ್ಲೇ. ಈಗ ಸ್ಕಾಟ್ಲೆಂಡಿನಲ್ಲಿ ಅಂಥವು ನಲವತ್ತಕ್ಕೂ ಜಾಸ್ತಿ ಇವೆ. ಹೊಸನಗರ ತಾಲೂಕಿನಲ್ಲಿ ದಸರಾ ರಜೆಯಲ್ಲಿ ಒಂದು ವಾರ, ಅಂಟಿಗೆ ಪಂಟಿಗೆ ಬಲ್ಲ ಹಿರಿಯರು ಇಬ್ಬರು, ಹತ್ತು ಮಕ್ಕಳು. ದೀಪಾವಳಿ ರಾತ್ರಿ ಆ ಮಕ್ಕಳೇ ದೀಪ ಹಿಡಿದು ಹೊರಡಲಿ. ನೀವು ಜಾಗ, ಊಟ ನೋಡಿಕೊಂಡರೆ ತಾಳ, ಜಾಗಟೆ ನನ್ನ ಕಡೆಯಿಂದ. ಹೆಸರು ಬೇಡ ಎಂದಿದ್ದೀರಿ, ಫೋನ್ ಮಾಡುವಾಗಲಾದರೂ ಹೇಳಿ.

ಮಗ ಗ್ಲಾಸ್ಗೋದಲ್ಲಿದ್ದಾನೆ. ಅಲ್ಲಿಗೆ ಹೋದರೆ ಈ ಸಂಗೀತ ಯಾವಾಗ ಕೇಳಬಹುದು? ಸ್ಕಾಟಿಷ್, ಐರಿಷ್, ಸೆಲ್ಟಿಕ್ ಎಂದೆಲ್ಲ ಇದೆಯಲ್ಲ, ಯಾವುದು ಯಾವುದು?
– ಅಡಿಕೆ ಬೆಳೆಗಾರರು, ಸಾಗರ

ಸೆಲ್ಟಿಕ್ ಎಂಬುದು ದೊಡ್ಡ ಕೊಡೆ. ಅದರ ಕೆಳಗೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್, ಕಾರ್ನ್‌ವಾಲ್, ಐಲ್ ಆಫ್ ಮ್ಯಾನ್, ಫ್ರಾನ್ಸಿನ ಬ್ರಿಟನಿ ಎಲ್ಲ ನಿಲ್ಲುತ್ತವೆ. ಕೆನಡಾದ ಕೇಪ್ ಬ್ರೆಟನ್‌ಗೂ ಈ ಸಂಗೀತ ಹೋಗಿದೆ. ಜಮೀನ್ದಾರರು ಕುರಿ ಸಾಕಲು ಒಕ್ಕಲೆಬ್ಬಿಸಿದ ಹೈಲ್ಯಾಂಡಿನ ಜನ ಹಡಗು ಹತ್ತಿದಾಗ ಪಿಟೀಲನ್ನೂ ಜೊತೆಗೆ ಒಯ್ದರು.

ಜನವರಿಯಲ್ಲಿ ಹೋದರೆ ಸೆಲ್ಟಿಕ್ ಕನೆಕ್ಷನ್ಸ್ ಉತ್ಸವ, 1994ರಿಂದ ಗ್ಲಾಸ್ಗೋದಲ್ಲೇ ನಡೆಯುತ್ತೆ. ಆಗಸ್ಟಿನಲ್ಲಾದರೆ ಗ್ಲಾಸ್ಗೋ ಗ್ರೀನ್ ಬಯಲಿನಲ್ಲಿ ಪೈಪ್ ಬ್ಯಾಂಡುಗಳ ವಿಶ್ವ ಸ್ಪರ್ಧೆ. ಕೊಯ್ಲು, ಬೇಯಿಸೋದು ಬಿಟ್ಟು ಜನವರಿಯಲ್ಲಿ ನೀವು ಹೋಗಲಾರಿರಿ, ಗೊತ್ತು. ಆಗಸ್ಟಿನಲ್ಲಿ ಕೊಳೆರೋಗದ ಔಷಧಿ ಹೊಡೆಸಿ ಹೊರಡಿ. ವೇದಿಕೆಗಿಂತ ಸಂಜೆ ಪಬ್ಬಿನ ಮೂಲೆಯಲ್ಲಿ ನಾಲ್ಕು ಜನ ಕೂತು ನುಡಿಸೋದು ಹೆಚ್ಚು ರುಚಿ. ಅಲ್ಲಿ ಟಿಕೆಟ್ ಇರಲ್ಲ. ಕುಡಿಯಲೇಬೇಕು ಎಂದೂ ಇಲ್ಲ, ನಿಂಬೆ ಶರಬತ್ತು ಕೇಳಿ.

ನನ್ನ ಹತ್ತು ವರ್ಷದ ಮಗ ಬ್ಯಾಗ್‌ಪೈಪ್ ಬೇಕು ಎಂದು ಹಟ ಹಿಡಿದಿದ್ದಾನೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಕೊಡಿಸಲಾ?
– ಎನ್.ಪಿ., ಶಿವಮೊಗ್ಗ

ಕೊಡಿಸಬೇಡಿ. ಈಗಲೇ ಅಲ್ಲ.

ಅಗ್ಗದ ಪೈಪುಗಳಲ್ಲಿ ತುಂಬಾ ಭಾಗ ಪಾಕಿಸ್ತಾನದ ಸಿಯಾಲ್‌ಕೋಟಿನ ತಯಾರಿ. ಆ ಊರು ಜಗತ್ತಿಗೇ ಪೈಪ್ ಮಾಡಿ ಕಳಿಸುತ್ತೆ, ಚೆನ್ನಾಗಿ ಮಾಡುವವರೂ ಇದ್ದಾರೆ. ಆದರೆ ಅತಿ ಅಗ್ಗದ್ದು ಗೋಡೆಗೆ ನೇತುಹಾಕಲು ಲಾಯಕ್ಕು. ರಂಧ್ರದ ಅಳತೆ ಸರಿ ಇರಲ್ಲ, ಚೀಲ ಸೋರುತ್ತೆ, ಮಗು ಊದಿ ಊದಿ ಸುಸ್ತಾಗಿ ವಾದ್ಯವನ್ನೇ ದ್ವೇಷಿಸುತ್ತೆ.

ಸ್ಕಾಟ್ಲೆಂಡಿನಲ್ಲೂ ಮಕ್ಕಳಿಗೆ ಮೊದಲ ದಿನ ಚೀಲ ಕೊಡುವುದಿಲ್ಲ. ಪ್ರಾಕ್ಟೀಸ್ ಚಾಂಟರ್ ಎಂಬ ಕೊಳಲಿನಂಥದ್ದು ಇದೆ. ಬಾಯಿಂದ ನೇರ ಊದೋದು, ಒಳಗೆ ಪ್ಲಾಸ್ಟಿಕ್ ರೀಡು, ಸದ್ದೂ ಕಮ್ಮಿ. ಅದರಲ್ಲಿ ಬೆರಳು ಕೂತು, ಆ ಚಿಟಿಪಿಟಿಗಳೆಲ್ಲ ಸ್ವಚ್ಛವಾದ ಮೇಲೆಯೇ ದೊಡ್ಡ ವಾದ್ಯ. ಆರು ತಿಂಗಳೂ ಆಗಬಹುದು, ವರ್ಷವೂ ಆಗಬಹುದು. ಚಾಂಟರನ್ನು ಮೊದಲು ಕೊಡಿಸಿ. ಕಲಿಸಲು ಸೇನೆಯ ಪೈಪ್ ಬ್ಯಾಂಡಿನಲ್ಲಿದ್ದು ನಿವೃತ್ತರಾದವರು ಯಾರಾದರೂ ಸಿಗುತ್ತಾರಾ ಎಂದು ಮಾಜಿ ಸೈನಿಕರ ಸಂಘದಲ್ಲಿ ವಿಚಾರಿಸಿ. ನಮ್ಮ ಸೇನೆಯಲ್ಲಿ ಈ ವಾದ್ಯ ಬಲ್ಲವರಿಗೆ ಬರ ಇಲ್ಲ. ಜನವರಿ 29ರಂದು ದೆಹಲಿಯ ವಿಜಯ್ ಚೌಕದಲ್ಲಿ ಸೇನೆಯ ಬ್ಯಾಂಡಿನವರು ನುಡಿಸುವ ಬೀಟಿಂಗ್ ರಿಟ್ರೀಟ್ ಟಿ.ವಿ.ಯಲ್ಲಿ ಬಂದಾಗ ಮಗನನ್ನು ಮುಂದೆ ಕೂರಿಸಿ, ಅವರ ಬೆರಳು ನೋಡಲು ಹೇಳಿ.

ವರ್ಷದ ನಂತರವೂ ಹಟ ಉಳಿದಿದ್ದರೆ ನನಗೆ ಬರೆಯಿರಿ. ಆಗ ಚೀಲ ಚರ್ಮದ್ದು ಬೇಡ, ಸಿಂಥೆಟಿಕ್ ತೆಗೆದುಕೊಳ್ಳಿ, ನಮ್ಮ ಮಳೆಗಾಲಕ್ಕೆ ಚರ್ಮಕ್ಕೆ ಬೂಷ್ಟು ಬರುತ್ತೆ. ಶ್ರುತಿಯ ಮೂರು ಕೋಲಿಗೂ ಪ್ಲಾಸ್ಟಿಕ್ ರೀಡು ಹಾಕಿಸಿ. ನೆರೆಮನೆಯವರ ಹತ್ತಿರ ಮಾತಾಡೋದು ನಿಮಗೇ ಬಿಟ್ಟದ್ದು.